ಎತ್ತರಿಸಿದ ಪಿಕಪ್‌ಗೆ ಮುಂದಿನ ಶಾಕ್: ತೂಕ ನೋಡಿ ಆರಿಸಿ, ಅಳತೆ ಹಿಡಿದು ಕೂರಿಸಿ

ಹಂಪ್ ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಮಾತ್ರ ಮುಂದಿನ ಬಲಗಡೆಯಿಂದ 'ಟಕ್' ಅಂತ ಒಂದು ಸದ್ದು. ನನ್ನ ಹೈಲಕ್ಸ್ ಎತ್ತರಿಸಿದ ಮಾರನೇ ದಿನದಿಂದಲೇ ಶುರುವಾಗಿತ್ತು. ಕೆಲಸ ಮಾಡಿದ ಗ್ಯಾರೇಜಿನವರು "ಸೆಟ್ ಆಗುತ್ತೆ ಸಾರ್, ಒಂದು ಸಾವಿರ ಕಿಲೋಮೀಟರ್ ಓಡಿಸಿ" ಅಂದರು. ಓಡಿಸಿದೆ. ಸೆಟ್ ಆಗಲಿಲ್ಲ. ಮೂರು ತಿಂಗಳ ಮೇಲೆ ಒಂದು ದಿನ ನೋಡಿದರೆ ಚಕ್ರದ ಒಳಮೈಗೆಲ್ಲ ಗ್ರೀಸ್ ಚೆಲ್ಲಿದೆ. ಬಗ್ಗಿ ಟಾರ್ಚ್ ಹಿಡಿದೆ. ಆಕ್ಸಲ್ ಬೂಟ್ (ಕೀಲಿನ ಗ್ರೀಸ್ ಹಿಡಿದಿಡುವ ರಬ್ಬರ್ ಚೀಲ) ಹರಿದಿತ್ತು. ಅಪ್ಪರ್ ಆರ್ಮ್ ತಗಲಿ ತಗಲಿ ಸ್ಪ್ರಿಂಗ್‌ನ ಬಣ್ಣವೂ ಕಿತ್ತು ಹೋಗಿತ್ತು.

ಹಾಕಿದ್ದು ಹೊಸ ಶಾಕ್ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್‌ನ ಕುಣಿತ ತಡೆಯುವ ಕೊಳವೆ) ಅಲ್ಲ, ಹಳೇ ಶಾಕ್‌ನ ತಲೆ ಮೇಲೆ ಒಂದು ಅಲ್ಯೂಮಿನಿಯಂ ಬಿಲ್ಲೆ. ಎತ್ತರ ಬೇಕು ಅಂದೆ, ಎತ್ತರ ಕೊಟ್ಟರು. ತಪ್ಪು ನನ್ನದೂ ಹೌದು. ಗಾಡಿ ಮೇಲೆ ಎಷ್ಟು ಭಾರ ಇರುತ್ತದೆ, ಚಕ್ರ ಎಷ್ಟು ಕೆಳಗೆ ಇಳಿಯಬಹುದು ಅಂತ ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಆಮೇಲೆ ಎಲ್ಲ ಬಿಚ್ಚಿ, ಸರಿಯಾದ ಸೆಟ್ ತರಿಸಿ, ಪಕ್ಕದಲ್ಲೇ ನಿಂತು ಕೂರಿಸಿಕೊಂಡೆ. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಗಾಡಿಯ ಮಾತು

ಬಿಡದಿಯ ಕಾರ್ಖಾನೆಯಿಂದ 2022ರಲ್ಲಿ ಬರಲು ಶುರುವಾದ ಟೊಯೋಟಾ ಹೈಲಕ್ಸ್ ಅನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್‌ದೂ ಮೂಲದಲ್ಲಿ ಇದೇ ಜೋಡಣೆ. ಮುಂದೆ ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್. ನಡುವೆ ಸ್ಪ್ರಿಂಗ್. ಸ್ಪ್ರಿಂಗ್‌ನ ಒಳಗೆ ಶಾಕ್. ಹಿಂದೆ ಕಮಾನು ಪಟ್ಟಿ. ಹೈಲಕ್ಸ್ ಮತ್ತು ಫಾರ್ಚೂನರ್ ಒಂದೇ ಮನೆಯ ಅಣ್ಣತಮ್ಮಂದಿರು. ಹಾಗಾಗಿ ಫಾರ್ಚೂನರ್ ಮುಂದಿನ ಶಾಕ್ ಬದಲಿಸಿ ಪಳಗಿದ ಮೇಸ್ತ್ರಿ ಸಿಕ್ಕರೆ ಧೈರ್ಯವಾಗಿ ಹೈಲಕ್ಸ್ ಕೊಡಬಹುದು.

ಅಮೆರಿಕದಲ್ಲಿರುವ ನಮ್ಮವರು ಫೋರ್ಡ್ ಎಫ್-250, ರ‍್ಯಾಮ್ 2500 ಅಥವಾ ಜೀಪ್ ಗ್ಲಾಡಿಯೇಟರ್ ಇಟ್ಟುಕೊಂಡಿದ್ದರೆ ಕತೆ ಬೇರೆ. ಆ ಫೋರ್ ಬೈ ಫೋರ್‌ಗಳಲ್ಲಿ ಮುಂದೆಯೂ ಒಂದೇ ತುಂಡಿನ ಆಕ್ಸಲ್. ಶಾಕ್ ಬೇರೆ, ಸ್ಪ್ರಿಂಗ್ ಬೇರೆ. ಮೇಲೊಂದು ಕಡೆ, ಕೆಳಗೊಂದು ಕಡೆ ಬಿಚ್ಚಿದರೆ ಶಾಕ್ ಕೈಗೆ ಬರುತ್ತದೆ. ಅಲ್ಲಿ ಗಾಡಿ ನೆಲದ ಮೇಲೆ ನಿಂತಿರುವಾಗ ಎರಡು ಬೋಲ್ಟ್‌ಗಳ ನಡುವಿನ ದೂರ ಅಳೆದು, ಆ ಅಳತೆಯಲ್ಲಿ ರಾಡ್ ಹೆಚ್ಚುಕಮ್ಮಿ ಅರ್ಧ ಒಳಗೆ, ಅರ್ಧ ಹೊರಗೆ ಇರುವಂಥ ಶಾಕ್ ತಂದರೆ ಆಯಿತು. ಶಾಕ್ ಪೂರ್ತಿ ಒಳಗೆ ಹೋಗುವ ಮುಂಚೆ ರಬ್ಬರ್ ಬಂಪ್ ಸ್ಟಾಪ್ ತಗಲಬೇಕು, ಅಷ್ಟೇ. ತಲೆನೋವೆಲ್ಲ ನಮ್ಮ ಎರಡು ಆರ್ಮ್‌ನ ಗಾಡಿಗಳಲ್ಲೇ.

ಎತ್ತರ ಎಲ್ಲಿಂದ ಬರುತ್ತದೆ

ಶಾಕ್ ಚಕ್ರದ ಮೇಲೆ ನೇರವಾಗಿ ಕೂತಿರುವುದಿಲ್ಲ. ಲೋಯರ್ ಆರ್ಮ್‌ನ ಹೆಚ್ಚುಕಮ್ಮಿ ನಡುಮಧ್ಯ ಕೂತಿರುತ್ತದೆ. ಏತ ನೆನಪಿಸಿಕೊಳ್ಳಿ. ನಡುವೆ ಗೇಣು ಅಲುಗಿದರೆ ತುದಿ ಮೊಳ ಅಲುಗುತ್ತದೆ. ಹಾಗಾಗಿ ಶಾಕ್ ಜಾಗದಲ್ಲಿ 25 ಮಿ.ಮೀ. ಸೇರಿಸಿದರೆ ಚಕ್ರದ ಜಾಗದಲ್ಲಿ ಸುಮಾರು 45 ಮಿ.ಮೀ. ಎತ್ತರ ಬರುತ್ತದೆ. ನನಗೆ 30 ಮಿ.ಮೀ. ಬಿಲ್ಲೆ ಹಾಕಿ "ಬರೀ ಒಂದಿಂಚು ಸಾರ್" ಅಂದಿದ್ದರು. ಟೇಪ್ ಹಿಡಿದಾಗ ಎರಡಿಂಚು ದಾಟಿತ್ತು.

ಎತ್ತರಿಸಲು ಮೂರು ದಾರಿ ಇವೆ.

ಒಂದು, ಶಾಕ್‌ನ ತಲೆ ಮೇಲೆ ಬಿಲ್ಲೆ. ಇದು ಇಡೀ ಶಾಕನ್ನೇ ಕೆಳಗೆ ತಳ್ಳುತ್ತದೆ. ಚಕ್ರ ಗುಂಡಿಗೆ ಇಳಿದಾಗ ಕಂಪನಿ ಇಟ್ಟ ಮಿತಿಯನ್ನು ದಾಟಿ ಕೆಳಗೆ ಹೋಗುತ್ತದೆ. ನಮ್ಮ ಗಾಡಿಗಳಲ್ಲಿ ಚಕ್ರ ಎಲ್ಲಿಯವರೆಗೆ ಇಳಿಯಬೇಕು ಅಂತ ತಡೆಯುವುದು ಶಾಕೇ. ಆ ತಡೆ ಸರಿದರೆ ಬಾಲ್ ಜಾಯಿಂಟ್ (ಆರ್ಮ್‌ಗೂ ಚಕ್ರಕ್ಕೂ ನಡುವಿನ ಗುಂಡು ಕೀಲು), ಆಕ್ಸಲ್‌ನ ಸಿವಿ ಜಾಯಿಂಟ್ (ಚಕ್ರಕ್ಕೆ ತಿರುಗುವ ಬಲ ಕೊಡುವ ಕೀಲು), ಬ್ರೇಕ್ ಹೋಸ್ ಎಲ್ಲವೂ ಎಳೆದಾಡುತ್ತವೆ. ನನ್ನ ಬೂಟ್ ಹರಿದದ್ದು ಹೀಗೆ.

ಎರಡು, ಸ್ಪ್ರಿಂಗ್ ಮತ್ತು ಅದರ ಕುರ್ಚಿಯ ನಡುವೆ ಬಿಲ್ಲೆ. ಇಲ್ಲಿ ಶಾಕ್ ಉದ್ದ ಬದಲಾಗುವುದಿಲ್ಲ. ಆದರೆ ಗಾಡಿ ಎತ್ತರ ನಿಂತಷ್ಟೂ ಕೆಳಗಿಳಿಯುವ ಜಾಗ ಕರಗುತ್ತದೆ. ಹಂಪ್ ಇಳಿಯುವಾಗ ಶಾಕ್ ಪೂರ್ತಿ ಚಾಚಿ ತುದಿಗೆ ಬಡಿಯುತ್ತದೆ. ಇಲ್ಲೂ 'ಟಕ್' ಸದ್ದೇ, ಕಾರಣ ಮಾತ್ರ ಬೇರೆ.

ಮೂರು, ಉದ್ದದ ಸ್ಪ್ರಿಂಗ್, ಅದಕ್ಕೆ ಒಪ್ಪುವ ಶಾಕ್. ಶಾಕ್ ಮೂಲದ್ದಕ್ಕಿಂತ ಸ್ವಲ್ಪವೇ ಉದ್ದ, ಜಾಯಿಂಟ್‌ಗಳು ತಾಳುವಷ್ಟು ಮಾತ್ರ. ದುಡ್ಡು ಜಾಸ್ತಿ. ಆದರೆ ಒಂದೇ ಸಲ ಖರ್ಚು.

ಎಷ್ಟು ಎತ್ತರಿಸಬಹುದು ಅಂದರೆ, ಮುಂದೆ 40ರಿಂದ 50 ಮಿ.ಮೀ. ಸಾಕು. ಅದನ್ನು ದಾಟಿದರೆ ಅಪ್ಪರ್ ಆರ್ಮ್ ಬದಲಿಸಬೇಕು, ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರ್ ಗುಂಡು) ಕೆಳಗಿಳಿಸಬೇಕು, ಒಂದರ ಹಿಂದೆ ಒಂದು ಖರ್ಚು. ಇನ್ನೊಂದು ವಿಷಯ. ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಹಿಂದಿನ ಆಕ್ಸಲ್‌ನ ನಡುವಿನ ಡಿಫರೆನ್ಷಿಯಲ್ ಗುಂಡು ನೆಲದಿಂದ ಒಂದು ಮಿ.ಮೀ. ಕೂಡ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟಯರ್ ಮಾತ್ರ. 265/60 ಆರ್18 ತೆಗೆದು 265/65 ಆರ್18 ಹಾಕಿದರೆ ಆ ಗುಂಡು 13 ಮಿ.ಮೀ. ಏಳುತ್ತದೆ. ತೋಟದ ದಾರಿಯಲ್ಲಿ ನಡುವಿನ ದಿಬ್ಬಕ್ಕೆ ಕೆಳಹೊಟ್ಟೆ ಉಜ್ಜುವುದೇ ನಿಮ್ಮ ಕಷ್ಟವಾದರೆ ಮುಂದಿನ ಶಾಕ್‌ನಿಂದ ಅರ್ಧ ಪರಿಹಾರವಷ್ಟೇ ಸಿಗುತ್ತದೆ.

ಮೊದಲು ತೂಕ, ಆಮೇಲೆ ಬ್ರ್ಯಾಂಡ್

ನಮ್ಮಲ್ಲಿ ಸಿಗುವ ಒಳ್ಳೇ ಸೆಟ್‌ಗಳಲ್ಲಿ ಬಹುಪಾಲು ಆಸ್ಟ್ರೇಲಿಯಾ ಮೂಲದವು. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಟಫ್ ಡಾಗ್, ಡಾಬಿನ್ಸನ್ಸ್. ಅಲ್ಲಿ ಪಿಕಪ್ ಅಂದರೆ ಮುಂದೆ ದಪ್ಪ ಕಬ್ಬಿಣದ ಬುಲ್ ಬಾರ್, ಅದರೊಳಗೆ ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚ್, ಬಾನೆಟ್ ಕೆಳಗೆ ಎರಡನೇ ಬ್ಯಾಟರಿ. ಕಾಂಗರೂ ಅಡ್ಡ ಬರುವ ದೇಶ. ಅದಕ್ಕೇ ಅವರು ಮುಂದಿನ ಸ್ಪ್ರಿಂಗನ್ನು ಭಾರದ ಪ್ರಕಾರ ಎರಡು ಮೂರು ಬಗೆಯಾಗಿ ಮಾಡುತ್ತಾರೆ. ಏನೂ ಹಾಕದ ಗಾಡಿಗೆ ಒಂದು, ಬುಲ್ ಬಾರ್ ಇದ್ದರೆ ಒಂದು, ಬುಲ್ ಬಾರ್ ಜೊತೆ ವಿಂಚ್ ಇದ್ದರೆ ಇನ್ನೊಂದು.

ನಮ್ಮಲ್ಲಿ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್ ಹಾಕುವುದು ಕಾನೂನುಬಾಹಿರ ಅಂತ ರಾಜ್ಯಗಳಿಗೆ ಬರೆದು ತಿಳಿಸಿತು. ಅಂದರೆ ನಮ್ಮ ಬಹುತೇಕ ಗಾಡಿಗಳ ಮೂತಿಯ ಮೇಲೆ ಕಂಪನಿಯ ಪ್ಲಾಸ್ಟಿಕ್ ಬಂಪರ್ ಬಿಟ್ಟರೆ ಬೇರೆ ಭಾರ ಇಲ್ಲ. ಆದರೂ ಕೌಂಟರ್‌ನಲ್ಲಿ "ಹೆವಿ ಡ್ಯೂಟಿ ತಗೊಳ್ಳಿ, ನಮ್ಮ ರೋಡಿಗೆ ಅದೇ ಬೇಕು" ಅನ್ನುತ್ತಾರೆ. ಬೇಡ. ರಸ್ತೆ ಕೆಟ್ಟದಾಗಿದ್ದರೆ ಬೇಕಾಗುವುದು ಗಟ್ಟಿ ಸ್ಪ್ರಿಂಗ್ ಅಲ್ಲ, ಒಳ್ಳೇ ಶಾಕ್. ಗಟ್ಟಿ ಸ್ಪ್ರಿಂಗ್ ಬೇಕಾಗುವುದು ಭಾರಕ್ಕೆ.

ಒಂದು ಲೆಕ್ಕ ಹಾಕೋಣ. ಸ್ಪ್ರಿಂಗ್‌ನ ಗಟ್ಟಿತನ ಪ್ರತಿ ಮಿ.ಮೀ.ಗೆ 110 ನ್ಯೂಟನ್ ಅಂತಿಟ್ಟುಕೊಳ್ಳಿ. ಚಕ್ರ 100 ಮಿ.ಮೀ. ಎದ್ದಾಗ ಶಾಕ್ 55 ಮಿ.ಮೀ. ಒತ್ತಿಕೊಳ್ಳುತ್ತದೆ ಅಂದುಕೊಳ್ಳಿ. ಚಕ್ರದ ಜಾಗದಲ್ಲಿ ಎಷ್ಟು ಗಟ್ಟಿ ಅನಿಸುತ್ತದೆ ಅಂದರೆ, 0.55ರ ವರ್ಗವನ್ನು 110ರಿಂದ ಗುಣಿಸಬೇಕು. ಪ್ರತಿ ಮಿ.ಮೀ.ಗೆ ಸುಮಾರು 33 ನ್ಯೂಟನ್. ಈಗ 60 ಕಿಲೋದ ಬುಲ್ ಬಾರ್ ಹಾಕಿದರೆ ಒಂದು ಕಡೆಗೆ 30 ಕಿಲೋ. ಅದು ಆಕ್ಸಲ್‌ಗಿಂತ ಮುಂದೆ ತೂಗುವುದರಿಂದ 35 ಅಂತ ಹಿಡಿಯೋಣ. ಸುಮಾರು 340 ನ್ಯೂಟನ್. 33ರಿಂದ ಭಾಗಿಸಿ. ಗಾಡಿ 10 ಮಿ.ಮೀ. ಕೂರುತ್ತದೆ. ಇದನ್ನೇ ತಿರುಗಿಸಿ ನೋಡಿ. ಬುಲ್ ಬಾರ್‌ಗೆ ಅಂತ ಮಾಡಿದ ಸ್ಪ್ರಿಂಗನ್ನು ಖಾಲಿ ಮೂತಿಯ ಗಾಡಿಗೆ ಹಾಕಿದರೆ ಹೇಳಿದ ಎತ್ತರಕ್ಕಿಂತ ಒಂದು ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ. ಚಕ್ರ ಕೆಳಗಿಳಿಯುವ ಜಾಗ ಅಷ್ಟೇ ಕಮ್ಮಿಯಾಗುತ್ತದೆ. ಮೂತಿ ಗುಂಡಿ ಗುಂಡಿಗೂ ಕುಪ್ಪಳಿಸುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಕೆಳಹೊಟ್ಟೆ ಕಾಯುವ ಕಬ್ಬಿಣದ ಸ್ಕಿಡ್ ಪ್ಲೇಟ್ ಇದೆಯಾ? ವಿಂಚ್ ಇದೆಯಾ? ಹಿಂದೆ ಯಾವಾಗಲೂ ಏನು ಹೇರುತ್ತೀರಿ? ಕಾಫಿ ಮೂಟೆ, ಗೊಬ್ಬರ, ಅಡಿಕೆ ಅಂತ ದಿನಾ ಹೇರುವವರು ಮುಂದಿನ ಮೂತಿಯನ್ನು ಹಿಂದಿನ ಮಟ್ಟಕ್ಕೆ ಎತ್ತಬೇಡಿ. ಪಿಕಪ್ ಖಾಲಿ ಇದ್ದಾಗ ಬಾಲ ಎತ್ತಿ ನಿಲ್ಲುವುದು ಸುಮ್ನೆ ಅಲ್ಲ, ಭಾರ ಬಿದ್ದಾಗ ಸಮ ಆಗಲಿ ಅಂತ. ಮುಂದೆ ಎತ್ತಿ ಸಮ ಮಾಡಿದರೆ ಲೋಡ್ ಆದಾಗ ಮೂತಿ ಆಕಾಶ ನೋಡುತ್ತದೆ. ಎದುರಿಗೆ ಬರುವವನ ಕಣ್ಣಿಗೆ ನಿಮ್ಮ ಲೈಟು.

ಶಾಕ್ ಒಳಗೆ ಏನಿರಬೇಕು

ಸ್ಪ್ರಿಂಗ್ ಗಾಡಿಯನ್ನು ಹೊರುತ್ತದೆ. ಶಾಕ್ ಆ ಸ್ಪ್ರಿಂಗ್‌ನ ಕುಣಿತ ನಿಲ್ಲಿಸುತ್ತದೆ. ಸ್ಪ್ರಿಂಗ್ ಬದಲಿಸಿ ಹಳೇ ಶಾಕ್ ಇಟ್ಟುಕೊಂಡರೆ ಗಾಡಿ ದೋಣಿಯ ಹಾಗೆ ಎದ್ದು ಬಿದ್ದು ಹೋಗುತ್ತದೆ. ಗಟ್ಟಿ ಸ್ಪ್ರಿಂಗ್ ವಾಪಸ್ ತಳ್ಳುವ ಬಲವನ್ನು ಹಿಡಿಯುವ ಶಕ್ತಿ ಹಳೇ ಶಾಕ್‌ಗೆ ಇಲ್ಲ. ಅದಕ್ಕೇ ಎರಡನ್ನೂ ಒಂದೇ ಸೆಟ್ಟಿನಲ್ಲಿ ತನ್ನಿ.

ಶಾಕ್‌ಗಳಲ್ಲಿ ಎರಡು ಜಾತಿ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಕೊಳವೆ. ಮಾನೋಟ್ಯೂಬ್‌ನಲ್ಲಿ ಒಂದೇ ಕೊಳವೆ, ಎಣ್ಣೆ ಮತ್ತು ಹೆಚ್ಚಿನ ಒತ್ತಡದ ಗ್ಯಾಸ್ ನಡುವೆ ತೇಲುವ ಪಿಸ್ಟನ್. ಇದನ್ನು ಜರ್ಮನಿಯ ಬಿಲ್‌ಸ್ಟೀನ್ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಹಾಕಿ ಹೆಸರು ಮಾಡಿತು. ಮಾನೋಟ್ಯೂಬ್‌ನ ಹೊರಗೋಡೆ ನೇರವಾಗಿ ಗಾಳಿಗೆ ತಾಗುವುದರಿಂದ ಬಿಸಿ ಬೇಗ ಇಳಿಯುತ್ತದೆ, ಎಣ್ಣೆ ನೊರೆಯಾಗುವುದಿಲ್ಲ. ಹೈವೇಯಲ್ಲಿ ಸ್ಟೀರಿಂಗ್ ಚುರುಕು. ಆದರೆ ಆ ಗೋಡೆಯ ಒಳಮೈಯಲ್ಲೇ ಪಿಸ್ಟನ್ ಓಡುತ್ತದೆ. ಒಂದು ಕಲ್ಲು ಬಡಿದು ನೆಗ್ಗಿದರೆ ಶಾಕ್ ಮುಗಿಯಿತು. ಟ್ವಿನ್ ಟ್ಯೂಬ್ ಹೊರಕೊಳವೆ ನೆಗ್ಗಿದರೂ ಕೆಲಸ ಮಾಡುತ್ತಲೇ ಇರುತ್ತದೆ.

ಟ್ವಿನ್ ಟ್ಯೂಬ್‌ನಲ್ಲೇ ಫೋಮ್ ಸೆಲ್ ಅಂತ ಒಂದಿದೆ. ಗ್ಯಾಸ್ ಎಣ್ಣೆಯೊಳಗೆ ಬೆರೆಯದ ಹಾಗೆ ಅದನ್ನು ಒಂದು ಬಗೆಯ ಸ್ಪಂಜಿನೊಳಗೆ ಕಟ್ಟಿಹಾಕಿರುತ್ತಾರೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ನೂರಾರು ಕಿಲೋಮೀಟರ್ ತಗಡಿನ ಶೀಟಿನ ಹಾಗೆ ಅಲೆ ಅಲೆಯಾದ ಮಣ್ಣು ರಸ್ತೆಯಲ್ಲಿ ವೇಗವಾಗಿ ಓಡಿದರೆ ಶಾಕ್ ಕಾದು ಎಣ್ಣೆ ನೊರೆಯೇಳುತ್ತದೆ. ಫೋಮ್ ಸೆಲ್ ಬೆಳೆದದ್ದು ಅದಕ್ಕೆ. ನಮ್ಮ ಘಾಟಿ, ತೋಟದ ದಾರಿಯಲ್ಲಿ ಗಾಡಿ ಹೋಗುವುದೇ 15 ಕಿಲೋಮೀಟರ್ ವೇಗದಲ್ಲಿ. ಅಲ್ಲಿ ಶಾಕ್ ಕಾಯುವ ಮಾತೇ ಕಮ್ಮಿ. ಹೀಗಾಗಿ ಹೊರಗೆ ಎಣ್ಣೆಯ ಡಬ್ಬಿ ತೂಗುಹಾಕಿರುವ ರಿಸರ್ವಾಯರ್ ಶಾಕ್, ಓಲ್ಡ್ ಮ್ಯಾನ್ ಎಮು ಬಿಪಿ-51ರಂಥ 51 ಮಿ.ಮೀ. ಪಿಸ್ಟನ್‌ನ ದುಬಾರಿ ಸರಕು ನೋಡಲು ಚೆಂದ, ಮಲೆನಾಡಿನ ಉಪಯೋಗಕ್ಕೆ ಅತಿಯಾಯಿತು. ರೇಸ್ ಓಡಿಸುವವರ ಮಾತು ಬೇರೆ.

ನನ್ನ ಆಯ್ಕೆ ಹೀಗೆ. ವಾರದಲ್ಲಿ ಐದು ದಿನ ತೋಟ, ಕಲ್ಲು, ಕೆಸರು ಅಂದರೆ ಒಳ್ಳೇ ಟ್ವಿನ್ ಟ್ಯೂಬ್. ಬೆಂಗಳೂರಿನಲ್ಲಿದ್ದುಕೊಂಡು ಹೆದ್ದಾರಿ ಜಾಸ್ತಿ, ತಿಂಗಳಿಗೊಮ್ಮೆ ಕಾಡು ಅಂದರೆ ಮಾನೋಟ್ಯೂಬ್. ರಾಡ್ ಮುಚ್ಚುವ ರಬ್ಬರ್ ಅಥವಾ ಪ್ಲಾಸ್ಟಿಕ್ ಬೂಟ್ ಇರುವುದನ್ನೇ ಕೇಳಿ. ಕೆಂಪು ಮಣ್ಣಿನ ಕೆಸರು ಒಣಗಿ ರಾಡ್‌ಗೆ ಅಂಟಿಕೊಂಡರೆ ಸೀಲ್ ಅನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ.

ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಮೂಲದ ಅಳತೆಯದೇ ಬೇರೆ ಕಂಪನಿ ಶಾಕ್ ಹಾಕುವುದು ಒಂದು, ಗಾಡಿ ಎತ್ತರಿಸುವುದು ಇನ್ನೊಂದು. ಎರಡನೆಯದರಲ್ಲಿ ಆರ್‌ಟಿಒ ತಕರಾರು, ವಾರಂಟಿ ಹೋಗುವುದು, ಅಪಘಾತವಾದಾಗ ವಿಮೆ ಕಂಪನಿ ಕ್ಯಾತೆ ತೆಗೆಯುವುದು ಎಲ್ಲವೂ ಸಾಧ್ಯ. ಕೆಲಸಕ್ಕೆ ಕೈಹಾಕುವ ಮುಂಚೆ ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಉತ್ತರ ತೆಗೆದಿಟ್ಟುಕೊಳ್ಳಿ.

ಹಿಂದಿನ ದಿನದ ಕೆಲಸ

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಪ್ರತಿ ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ನಾಲ್ಕೂ ಸಂಖ್ಯೆ ಬರೆದಿಡಿ. ನೆಲದಿಂದ ಅಳೆಯಬೇಡಿ, ಟಯರ್ ಗಾಳಿ ಹೆಚ್ಚುಕಮ್ಮಿ ಇದ್ದರೆ ಲೆಕ್ಕ ತಪ್ಪುತ್ತದೆ. ಈ ನಾಲ್ಕು ಸಂಖ್ಯೆ ಇಲ್ಲದಿದ್ದರೆ ಆಮೇಲೆ ಎಷ್ಟು ಎತ್ತರವಾಯಿತು, ಯಾವ ಕಡೆ ವಾಲಿತು ಅಂತ ಯಾರೂ ಹೇಳಲಾರರು.

ಕೆಳಗಿನ ಶಾಕ್ ಬೋಲ್ಟ್, ಬಾಲ್ ಜಾಯಿಂಟ್ ನಟ್, ಸ್ವೇ ಬಾರ್ (ಎಡ ಬಲ ಜೋಡಿಸಿ ಗಾಡಿ ವಾಲುವುದನ್ನು ತಡೆಯುವ ಸರಳು) ಲಿಂಕ್ ಮೂರಕ್ಕೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಎರಡು ಮಳೆಗಾಲ ಕಂಡ ಗಾಡಿಯಲ್ಲಿ ಕೆಳಬೋಲ್ಟ್ ರಬ್ಬರ್ ಬುಷ್‌ನ ಒಳಕೊಳವೆಗೆ ಕಚ್ಚಿಕೊಂಡಿರುತ್ತದೆ. ನನ್ನದರಲ್ಲಿ ಬಲಗಡೆಯ ಬೋಲ್ಟ್ ಒಂದೂವರೆ ಗಂಟೆ ತಿಂದಿತು.

ಬೇಕಾದ ಸಾಮಾನು: ಟ್ರಾಲಿ ಜಾಕಿ, ಕಮ್ಮಿಯೆಂದರೆ ಎರಡು ಗಟ್ಟಿ ಆಕ್ಸಲ್ ಸ್ಟ್ಯಾಂಡ್, ಸಾಕೆಟ್ ಸೆಟ್, ಉದ್ದ ಹಿಡಿಯ ರ‍್ಯಾಚೆಟ್, ಟಾರ್ಕ್ ರೆಂಚ್, ಒಂದು ಕಿಲೋ ಸುತ್ತಿಗೆ, ಗಟ್ಟಿ ಹಾರೆ, ಬಿಳಿ ಪೇಂಟ್ ಪೆನ್, ಗಟ್ಟಿ ತಂತಿ, ಬಾಲ್ ಜಾಯಿಂಟ್‌ಗೆ ಹೊಸ ಸ್ಪ್ಲಿಟ್ ಪಿನ್. ಟಾರ್ಕ್ ಅಂಕಿಗಳನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದು ಗೋಡೆಗೆ ಅಂಟಿಸಿ.

ಬಿಚ್ಚುವುದು

1. ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಿ. ಮುಂದಿನ ವೀಲ್ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ. ಆಮೇಲೆ ಜಾಕಿ ಏರಿಸಿ, ಚಾಸಿಯ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ಮುಂದಿನ ಎರಡೂ ಕಡೆ ಒಟ್ಟಿಗೆ ಎತ್ತಬೇಕು. ಒಂದೇ ಕಡೆ ಎತ್ತಿದರೆ ಸ್ವೇ ಬಾರ್ ತಿರುಚಿಕೊಂಡು ಲಿಂಕ್ ಬಿಚ್ಚಲೂ ಆಗುವುದಿಲ್ಲ, ಹಾಕಲೂ ಆಗುವುದಿಲ್ಲ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

2. ಸ್ವೇ ಬಾರ್ ಲಿಂಕ್ ಎರಡೂ ಕಡೆ ಬಿಚ್ಚಿ. ಎಬಿಎಸ್ ವೈರ್ ಮತ್ತು ಬ್ರೇಕ್ ಹೋಸ್ ಹಿಡಿದಿರುವ ಸಣ್ಣ ಕ್ಲಿಪ್‌ಗಳನ್ನು ಬಿಡಿಸಿ. ಇದನ್ನು ಮರೆತರೆ ಮುಂದಿನ ಹೆಜ್ಜೆಯಲ್ಲಿ ವೈರ್ ಹರಿಯುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತುತ್ತದೆ.

3. ಲೋಯರ್ ಆರ್ಮ್ ಕೆಳಗೆ ಜಾಕಿ ಕೊಟ್ಟು ಸ್ವಲ್ಪ ಎತ್ತಿ ಹಿಡಿಯಿರಿ. ಅಪ್ಪರ್ ಬಾಲ್ ಜಾಯಿಂಟ್‌ನ ಪಿನ್ ತೆಗೆದು ನಟ್ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಈಗ ಬಾಲ್ ಜಾಯಿಂಟ್ ಕೂರುವ ನಕಲ್‌ನ (ಚಕ್ರದ ಹಬ್ ಹೊತ್ತಿರುವ ತುಂಡು) ಕಿವಿಯ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಏಟು. ನಟ್‌ಗೂ ಬೂಟ್‌ಗೂ ಹೊಡೆಯಬೇಡಿ. 'ಟಪ್' ಅಂತ ಬಿಟ್ಟುಕೊಳ್ಳುತ್ತದೆ. ಸಡಿಲ ನಟ್ ಇರುವುದರಿಂದ ಆರ್ಮ್ ಮೇಲಕ್ಕೆ ಚಿಮ್ಮುವುದಿಲ್ಲ.

4. ನಟ್ ತೆಗೆದ ಮೇಲೆ ಹಬ್ ಹೊರಕ್ಕೆ ವಾಲುತ್ತದೆ. ತಂತಿಯಿಂದ ಚಾಸಿಗೆ ಕಟ್ಟಿ. ಹಬ್ ಬಿದ್ದರೆ ಒಂದು ಕಡೆ ಬ್ರೇಕ್ ಹೋಸ್ ಎಳೆಯುತ್ತದೆ, ಇನ್ನೊಂದು ಕಡೆ ಆಕ್ಸಲ್‌ನ ಒಳಜಾಯಿಂಟ್ ಕಿತ್ತು ಬರುತ್ತದೆ. ನೋಡಲು ಸಣ್ಣ ಹೆಜ್ಜೆ, ಆದರೆ ಅವಸರದಲ್ಲಿ ಜಾಸ್ತಿ ಕೆಡುವುದು ಇಲ್ಲೇ.

5. ಕೆಳಗಿನ ಶಾಕ್ ಬೋಲ್ಟ್ ತೆಗೆಯಿರಿ. ಆಮೇಲೆ ಮೇಲಿನ ಮೂರು ನಟ್. ನಡುವಿನ ಒಂಟಿ ದೊಡ್ಡ ನಟ್ ಮುಟ್ಟಲೇಬೇಡಿ. ಅದು ಒತ್ತಿ ಕೂತಿರುವ ಸ್ಪ್ರಿಂಗನ್ನು ಹಿಡಿದಿರುವ ನಟ್. ಜಾಕಿ ನಿಧಾನ ಇಳಿಸಿ, ಹಾರೆಯಿಂದ ಲೋಯರ್ ಆರ್ಮ್ ಕೆಳಗೆ ಒತ್ತಿ, ಶಾಕನ್ನು ಸ್ಪ್ರಿಂಗ್ ಸಮೇತ ಹೊರಗೆ ಎಳೆಯಿರಿ. ಭಾರ ಇರುತ್ತದೆ, ಇನ್ನೊಬ್ಬರು ಜೊತೆಗಿರಲಿ.

ಸ್ಪ್ರಿಂಗ್ ಬದಲಿಸುವುದು: ಇದೊಂದನ್ನು ಮನೆಯಲ್ಲಿ ಮಾಡಬೇಡಿ

ಮೇಲಿನ ಲೆಕ್ಕದ ಸ್ಪ್ರಿಂಗನ್ನೇ 100 ಮಿ.ಮೀ. ಒತ್ತಿದರೆ 11,000 ನ್ಯೂಟನ್. ಒಂದು ಟನ್ನಿಗೂ ಜಾಸ್ತಿ ತೂಕ ಮುಷ್ಟಿ ಕಟ್ಟಿ ಕೂತ ಹಾಗೆ. ಕಾರಿನ ಸ್ಪ್ರಿಂಗ್‌ಗೆ ಅಂತ ಮಾರುವ ಎರಡು ಕೊಕ್ಕೆಯ ಅಗ್ಗದ ಕಂಪ್ರೆಸರ್ ಜಾರಿದರೆ ದವಡೆ ಹೋಗುತ್ತದೆ, ಪ್ರಾಣವೂ ಹೋಗಬಹುದು. ಗೋಡೆಗೆ ಅಥವಾ ನೆಲಕ್ಕೆ ಬಿಗಿದ ಹೈಡ್ರಾಲಿಕ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು ಕೊಡಿ. ಇಲ್ಲವೇ ಜೋಡಿಸಿಯೇ ಬರುವ ಸೆಟ್ ತರಿಸಿ.

ಗ್ಯಾರೇಜಿನಲ್ಲಿ ನಿಂತು ನಾಲ್ಕು ವಿಷಯ ನೋಡಿಕೊಳ್ಳಿ. ಹಳೇ ಶಾಕ್‌ನ ಮೇಲಿನ ಮೂರು ಸ್ಟಡ್‌ಗಳಿಗೂ ಕೆಳಗಿನ ಬುಷ್ ತೂತಿಗೂ ಇರುವ ತಿರುವು ಹೊಸದರಲ್ಲೂ ಹಾಗೇ ಇರಬೇಕು. ಬಿಚ್ಚುವ ಮುಂಚೆಯೇ ಪೇಂಟ್ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆಯಿರಿ. ಈ ತಿರುವು ತಪ್ಪಿದರೆ ಮೇಲೆ ಕೂತದ್ದು ಕೆಳಗೆ ಕೂರುವುದಿಲ್ಲ, ಮತ್ತೆ ಕಂಪ್ರೆಸರ್‌ಗೇ ಹೋಗಬೇಕು. ಸ್ಪ್ರಿಂಗ್‌ನ ತುದಿ ಕೆಳಕುರ್ಚಿಯ ಮೆಟ್ಟಿಲಿಗೆ ಸರಿಯಾಗಿ ಒರಗಿರಬೇಕು. ರಾಡ್ ತಿರುಗದ ಹಾಗೆ ಹಿಡಿಯಲು ಅದರ ಮೇಲ್ತುದಿಯಲ್ಲಿ ಚಪ್ಪಟೆ ಅಥವಾ ಅಲೆನ್ ಕೀ ಜಾಗ ಇರುತ್ತದೆ. ಹೊಳೆಯುವ ರಾಡ್‌ಗೆ ಇಕ್ಕಳ ಹಾಕಿದರೆ ಗೀರು ಬಿದ್ದು ಸೀಲ್ ಸೋರುತ್ತದೆ. ಇಂಪ್ಯಾಕ್ಟ್ ಗನ್ ಕೂಡ ಬೇಡ. ನಾಲ್ಕನೆಯದು, ನಡುವಿನ ನಟ್ ಹೊಸದೇ ಇರಲಿ.

ಟ್ವಿನ್ ಟ್ಯೂಬ್ ಆದರೆ ಸ್ಪ್ರಿಂಗ್ ಹಾಕುವ ಮುಂಚೆ ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಬಿಡಬೇಕು. ಅಂಗಡಿಯಲ್ಲಿ ಮಲಗಿಸಿಟ್ಟಿದ್ದಾಗ ಒಳಕೊಳವೆಗೆ ಸೇರಿದ ಗಾಳಿ ಹೊರಬರುತ್ತದೆ. ಕೆಲವು ಸೆಟ್‌ಗಳಲ್ಲಿ ಎಡ, ಬಲದ ಶಾಕ್ ಬೇರೆ ಬೇರೆ ಇರುತ್ತವೆ. ಸ್ಪ್ರಿಂಗ್‌ಗಳಲ್ಲೂ ಒಂದು ಸ್ವಲ್ಪ ಉದ್ದ ಇರಬಹುದು, ಡ್ರೈವರ್ ಕಡೆಯ ಭಾರಕ್ಕೆ ಅಂತ. ಸ್ಟಿಕ್ಕರ್ ಕಿತ್ತುಹಾಕುವ ಮುಂಚೆ ಓದಿ.

ಕೂರಿಸುವುದು

ಬಿಚ್ಚಿದ್ದರ ಉಲ್ಟಾ ಅಂತ ಎಲ್ಲರೂ ಹೇಳುತ್ತಾರೆ. ಕ್ರಮದಲ್ಲಿ ಹೌದು, ಬಿಗಿಯುವುದರಲ್ಲಿ ಅಲ್ಲ.

ಮೊದಲು ಮೇಲಿನ ಮೂರು ಸ್ಟಡ್ ತೂರಿಸಿ ನಟ್ ಬರೀ ಕೈಯಲ್ಲಿ ತಿರುಗಿಸಿ. ಹೊಸ ಶಾಕ್ ಉದ್ದ ಇರುವುದರಿಂದ ಕೆಳಗಿನ ತೂತು ಸುಲಭಕ್ಕೆ ಸೇರುವುದಿಲ್ಲ. ಒಬ್ಬರು ಹಾರೆಯಿಂದ ಆರ್ಮ್ ಒತ್ತಬೇಕು, ಇನ್ನೊಬ್ಬರು ಶಾಕ್ ತಳ್ಳಬೇಕು. ಬೆರಳನ್ನು ತೂತಿಗೆ ಹಾಕಿ ಸರಿಯಾಗಿದೆಯಾ ಅಂತ ನೋಡಬೇಡಿ. ಸ್ಕ್ರೂಡ್ರೈವರ್ ಹಾಕಿ ನೋಡಿ. ಕೆಳಬೋಲ್ಟ್‌ನ ನಯವಾದ ಭಾಗಕ್ಕೆ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಸವರಿ ಹಾಕಿ, ಎಳೆಗಳಿಗೆ ಬೇಡ. ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ.

ಆಮೇಲೆ ಜಾಕಿಯಿಂದ ಲೋಯರ್ ಆರ್ಮ್ ಎತ್ತಿ ಬಾಲ್ ಜಾಯಿಂಟ್ ಸೇರಿಸಿ. ನಟ್ ಟಾರ್ಕ್ ಮಾಡಿ, ಪಿನ್ ತೂತು ಸಿಗದಿದ್ದರೆ ಇನ್ನಷ್ಟು ಬಿಗಿಯುವ ಕಡೆಗೇ ತಿರುಗಿಸಿ. ಸಡಿಲಿಸಿ ಹೊಂದಿಸಬೇಡಿ. ಹೊಸ ಪಿನ್ ಹಾಕಿ ಮಡಚಿ. ಮೇಲಿನ ಮೂರು ನಟ್ ಟಾರ್ಕ್ ಮಾಡಿ. ವೈರ್, ಹೋಸ್ ಕ್ಲಿಪ್‌ಗಳನ್ನು ಮರಳಿ ಹಾಕಿ.

ಈಗ ಚಕ್ರ ಹಾಕುವ ಮುಂಚೆ ಜಾಕಿ ಪೂರ್ತಿ ಇಳಿಸಿ, ಆರ್ಮ್ ತೂಗಾಡಲಿ. ಅಪ್ಪರ್ ಆರ್ಮ್ ಮತ್ತು ಸ್ಪ್ರಿಂಗ್ ನಡುವೆ ಬೆರಳು ಹೋಗುತ್ತದಾ? ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ. ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿದಿಲ್ಲ ತಾನೇ? ಆಕ್ಸಲ್ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತಿಲ್ಲ ತಾನೇ? ಈ ಎರಡು ನಿಮಿಷದ ಪರೀಕ್ಷೆ ಮಾಡಿದ್ದರೆ ನನ್ನ ಮೊದಲ ಸಲದ ಕತೆ ಅಂದೇ ಮುಗಿಯುತ್ತಿತ್ತು.

ಕೆಳಗಿನ ಶಾಕ್ ಬೋಲ್ಟನ್ನು, ಸಡಿಲಿಸಿದ್ದರೆ ಆರ್ಮ್‌ನ ಬೋಲ್ಟ್‌ಗಳನ್ನೂ, ಗಾಡಿ ಗಾಳಿಯಲ್ಲಿದ್ದಾಗ ಕೊನೆಯ ಟಾರ್ಕ್ ಮಾಡಬಾರದು. ಆ ಬುಷ್‌ಗಳು ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡು ಕೆಲಸ ಮಾಡುತ್ತವೆ. ಆರ್ಮ್ ತೂಗಾಡುವಾಗ ಬಿಗಿದರೆ ನೆಲಕ್ಕಿಳಿಸಿದ ಕ್ಷಣದಿಂದ ರಬ್ಬರ್ ಯಾವಾಗಲೂ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಬೇಗ ಹರಿಯುತ್ತದೆ, ಕಿರ್ರೆನ್ನುತ್ತದೆ. ಚಕ್ರ ಹಾಕಿ, ನೆಲಕ್ಕಿಳಿಸಿ, ಬಂಪರ್ ಮೇಲೆ ನಾಲ್ಕು ಸಲ ಒತ್ತಿ, ಹತ್ತು ಮಾರು ಹಿಂದೆ ಮುಂದೆ ಓಡಿಸಿ. ಗಾಡಿ ತನ್ನ ಎತ್ತರಕ್ಕೆ ಕೂರುತ್ತದೆ. ಆಗ ಕೆಳಗೆ ತೂರಿ ಬಿಗಿಯಿರಿ. ಸ್ವೇ ಬಾರ್ ಲಿಂಕ್ ಕೂಡ ಈಗಲೇ.

ನೆಲಕ್ಕಿಳಿದ ಮೇಲೆ

ಮತ್ತೆ ನಾಲ್ಕು ಅಳತೆ. ಎಡ ಬಲಕ್ಕೆ 5 ಮಿ.ಮೀ. ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 10 ದಾಟಿದರೆ ಸ್ಪ್ರಿಂಗ್ ಅದಲುಬದಲಾಗಿದೆಯಾ, ಕುರ್ಚಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಿ.

ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಮುಂದೆ ಎತ್ತರಿಸಿದಾಗ ಟೋ (ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವುದು) ಬದಲಾಗುತ್ತದೆ, ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲಿರುವುದು) ಬದಲಾಗುತ್ತದೆ, ಎಲ್ಲಕ್ಕಿಂತ ಮುಖ್ಯ ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವುದು) ಕಮ್ಮಿಯಾಗುತ್ತದೆ. ಕ್ಯಾಸ್ಟರ್ ಕಮ್ಮಿಯಾದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ನೂರರ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಬಹಳ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಟೋ ಒಂದನ್ನೇ ಸರಿ ಮಾಡಿ ಕಳಿಸುತ್ತಾರೆ. "ಲೋಯರ್ ಆರ್ಮ್‌ನ ಕ್ಯಾಮ್ ಬೋಲ್ಟ್ ತಿರುಗಿಸಿ ಕ್ಯಾಸ್ಟರ್ ಹೊಂದಿಸಿ" ಅಂತ ಬಾಯಿಬಿಟ್ಟು ಹೇಳಿ, ಮುಂಚಿನ ಮತ್ತು ಆಮೇಲಿನ ಪ್ರಿಂಟ್ ಕೇಳಿ ಪಡೆಯಿರಿ. ಕ್ಯಾಮ್ ಕೊನೆವರೆಗೂ ತಿರುಗಿಸಿದರೂ ಕ್ಯಾಸ್ಟರ್ ಸಿಗದಿದ್ದರೆ ನೀವು ಎತ್ತರಿಸಿದ್ದು ಅತಿಯಾಗಿದೆ. ಒಂದೋ ಬೇರೆ ಅಪ್ಪರ್ ಆರ್ಮ್, ಇಲ್ಲವೇ ಎತ್ತರ ಇಳಿಸಿ. ನಾನಾದರೆ ಎತ್ತರ ಇಳಿಸುತ್ತೇನೆ.

ಹೆಡ್‌ಲೈಟನ್ನು ಗೋಡೆಗೆ ಬಿಟ್ಟು ಕೆಳಗಿಳಿಸಿ. ಘಾಟಿಯಲ್ಲಿ ಎದುರು ಬರುವ ಬೈಕಿನವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಸದ್ದು ಬಂದರೆ

ಹಂಪ್ ಇಳಿಯುವಾಗ ಮಾತ್ರ ಟಕ್ ಅಂದರೆ ಶಾಕ್ ತುದಿಗೆ ಬಡಿಯುತ್ತಿದೆ ಅಥವಾ ಆರ್ಮ್ ಸ್ಪ್ರಿಂಗ್‌ಗೆ ತಗಲುತ್ತಿದೆ. ಬಣ್ಣ ಕಿತ್ತಿರುವ ಗುರುತು ಹುಡುಕಿ. ಸಣ್ಣ ಸಣ್ಣ ಕಲ್ಲಿಗೂ ಕಟಕಟ ಅಂದರೆ ಮೇಲಿನ ನಟ್ ಅಥವಾ ಸ್ವೇ ಬಾರ್ ಲಿಂಕ್ ಸಡಿಲ. ನಿಧಾನ ಹೋಗುವಾಗ ಕಿರ್ ಕಿರ್ ಅಂದರೆ ಬುಷ್, ಬಹುಶಃ ಗಾಳಿಯಲ್ಲಿ ಬಿಗಿದದ್ದು. ಸಡಿಲಿಸಿ, ನೆಲದ ಮೇಲೆ ಮತ್ತೆ ಬಿಗಿದರೆ ಹೆಚ್ಚಿನ ಸಲ ನಿಲ್ಲುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಫೋರ್ ವೀಲ್‌ನಲ್ಲಿ ಹೋಗುವಾಗ ಕಟ್ ಕಟ್ ಅಂದರೆ ಸಿವಿ ಜಾಯಿಂಟ್. ಅದನ್ನು ಮುಂದಕ್ಕೆ ಹಾಕಬೇಡಿ.

ಹೊಸ ಶಾಕ್‌ನ ರಾಡ್ ಸುತ್ತ ಮೊದಲ ವಾರ ತೆಳ್ಳನೆ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಕೊಳವೆ ಉದ್ದಕ್ಕೂ ಧಾರೆಯಾಗಿ ಇಳಿದು ಧೂಳು ಅಂಟಿದ್ದರೆ ಮಾತ್ರ ಸೀಲ್ ಹೋಗಿದೆ, ಬಿಲ್ ಹಿಡಿದು ಅಂಗಡಿಗೆ ಹೋಗಿ.

500 ಕಿಲೋಮೀಟರ್ ಆದ ಮೇಲೆ ಮೇಲಿನ ನಟ್, ಕೆಳಗಿನ ಬೋಲ್ಟ್, ಲಿಂಕ್, ವೀಲ್ ನಟ್ ಎಲ್ಲಕ್ಕೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಆ ಹೊತ್ತಿಗೆ ಹೊಸ ಸ್ಪ್ರಿಂಗ್ ಕೆಲವು ಮಿ.ಮೀ. ಕೂತಿರುತ್ತದೆ, ಹಾಗಾಗಿ ಮಡ್‌ಗಾರ್ಡ್ ಅಳತೆಯನ್ನೂ ಅದೇ ಚೀಟಿಯಲ್ಲಿ ಹಳೆಯದರ ಪಕ್ಕ ಬರೆದಿಡಿ. ನನ್ನ ಚೀಟಿ ಇವತ್ತಿಗೂ ಗ್ಲೋವ್ ಬಾಕ್ಸ್‌ನಲ್ಲಿದೆ. ಮುಂದೆ ಎರಡೂ ಕಡೆ 42 ಮಿ.ಮೀ. ಹೆಚ್ಚು. ಬಲಗಡೆಯ ಸದ್ದು ನಿಂತಿದೆ.